ತಮ್ಮನ ಹೆಸರಿನ ಮಷೀನು

ನಮ್ಮ ಮನೆಯವರು ಫ್ರಿಜ್ ರಿಪೇರಿ ಮಾಡುವವರು. ಸುವಾರ್ತೆ ಸಾರಲು ಬಾಯಿ ಬೇಕು, ಇವರಿಗಿರುವುದು ಸ್ಕ್ರೂಡ್ರೈವರ್ ಮಾತ್ರ. ಆದರೂ ಪರದೇಶದ ಮಿಷನ್ ಆಸ್ಪತ್ರೆಗೆ ಹೊರಟ ತಂಡಕ್ಕೆ ಪಾಸ್ಟರ್ ಮೊದಲು ಸೇರಿಸಿಕೊಂಡದ್ದು ಇವರನ್ನೇ. ಪ್ರಸಂಗ ಮಾಡುವವರು ನಮ್ಮ ಚರ್ಚಿನ ಸಭೆಯಲ್ಲಿ ಬೇಕಾದಷ್ಟಿದ್ದಾರೆ, ಕೆಟ್ಟದ್ದನ್ನು ಸರಿಮಾಡುವವರು ಯಾರಿದ್ದಾರೆ ಎಂದು ಅವರೇ ಕೇಳಿದರು. ತಂಡಕ್ಕೆ ಅಡುಗೆ ಮಾಡಲು ನಾನು ಹೊರಟೆ. ನಮ್ಮ ಬೆನ್ನು ಹತ್ತಿ ಅಮ್ಮನೂ ಹೊರಟಳು. ಮಂಡಿನೋವು, ಬಿ.ಪಿ., ವಿಮಾನ, ಯಾವುದರ ಹೆದರಿಕೆ ಹಾಕಿದರೂ ಜಗ್ಗಲಿಲ್ಲ.

ಅಮ್ಮನಿಗೆ ನೋಡಬೇಕಿದ್ದದ್ದು ಒಂದೇ. ನನ್ನ ತಮ್ಮ ಶ್ವಾಸಕೋಶ ಕೆಟ್ಟು, ಆಸ್ಪತ್ರೆಯಲ್ಲಿ ಆಕ್ಸಿಜನ್ ಮಷೀನಿನ ಪಕ್ಕದಲ್ಲೇ ತೀರಿಕೊಂಡ. ಅವನ ಹೆಸರಿನಲ್ಲಿ ಅಮ್ಮ ಅಂಥದ್ದೇ ಒಂದು ಮಷೀನನ್ನು ಸಭೆಯ ಮೂಲಕ ಈ ಆಸ್ಪತ್ರೆಗೆ ಕಳಿಸಿದ್ದಳು. ಅಲ್ಲೆಲ್ಲೋ ಯಾರೋ ಮಗನ ಹೆಸರಿನಲ್ಲಿ ಉಸಿರಾಡುತ್ತಿದ್ದಾರೆ ಎಂಬ ಸಮಾಧಾನದಲ್ಲೇ ಅವಳ ಊಟ, ನಿದ್ದೆ ನಡೆಯುತ್ತಿದ್ದವು. ಅದನ್ನು ಕಣ್ಣಾರೆ ಕಂಡ ಮೇಲೆ ಕರ್ತನು ಯಾವಾಗ ಬೇಕಾದರೂ ಕರೆಯಲಿ ಎನ್ನುತ್ತಿದ್ದಳು. ಕರ್ತನಿಗೇ ಹೀಗೆ ಗಡುವು ಕೊಡುವವರು ಕಡಿಮೆ.

ಮಷೀನು ವಾರ್ಡಿನ ತುದಿಯಲ್ಲಿತ್ತು. ಗೋಡೆಯ ಬಣ್ಣ ಎದ್ದು ಹೋಗಿದ್ದ, ಮಂಚಗಳ ತುಕ್ಕು ಕೈಗೆ ಹತ್ತುವ ಆ ವಾರ್ಡಿನಲ್ಲಿ ಅದೊಂದೇ ಥಳಥಳ ಹೊಳೆಯುತ್ತಿತ್ತು. ಮೇಲೆ ತಮ್ಮನ ಹೆಸರಿನ ಹಿತ್ತಾಳೆ ತಗಡು. ಅಮ್ಮ ಅದನ್ನು ಸವರಿ ಸವರಿ ಅತ್ತಳು. ಹಾಕಿ ತೋರಿಸಿ ಎಂದರೆ ದೊಡ್ಡ ನರ್ಸು, ಈಗ ಬೇಡ, ಕೊನೆಯ ದಿನ ನಿಮ್ಮ ಕೈಯಿಂದಲೇ ಹಾಕುವಿರಂತೆ ಎಂದು ಪಾಸ್ಟರ ಬಾಯಿಂದ ಹೇಳಿಸಿದಳು. ನಮ್ಮ ತಂಡಗಳಲ್ಲಿ ಅದೊಂದು ಪದ್ಧತಿ. ಹೊರಡುವ ದಿನ ಪ್ರಾರ್ಥನೆ ಮಾಡಿ, ಕೊಟ್ಟವರಿಂದಲೇ ಸ್ವಿಚ್ ಹಾಕಿಸಿ ಫೋಟೊ ತೆಗೆಯುತ್ತಾರೆ.

ಇವರು ಅದರ ಹಿಂಬದಿ ಬಿಚ್ಚಿ ನೋಡಿ, ಸೀದಾ ಅಡುಗೆಮನೆಗೆ ಬಂದರು.

"ಒಳಗೆ ಏನೂ ಇಲ್ಲ ಕಣೇ. ಬರೀ ಡಬ್ಬ."

ಯಾರೂ ಕದ್ದಿರಲಿಲ್ಲ. ಬಿಡಿಭಾಗ ಕೇಳಿ ಕೇಳಿ ಸಾಕಾದ ಆಸ್ಪತ್ರೆಯವರು, ಉಳಿದ ಮಷೀನುಗಳು ನಡೆಯಲೆಂದು ಇದರ ಕಂಪ್ರೆಸರ್, ಗಾಳಿ ಸೋಸುವ ಡಬ್ಬಿ, ವೈರು ಎಲ್ಲವನ್ನೂ ಒಂದೊಂದಾಗಿ ಬಿಚ್ಚಿಕೊಂಡಿದ್ದರು. ಆಮೇಲೆ ಅವೂ ಕೆಟ್ಟವು. ಹೆಸರಿನ ತಗಡಿದೆಯಲ್ಲ, ಕೊಟ್ಟವರು ಎಂದಾದರೂ ಬಂದಾರೆಂದು ಹೊರಗಿನ ಡಬ್ಬವನ್ನು ಒರೆಸಿ ಇಟ್ಟಿದ್ದರು. ಇವರು ಕೆಟ್ಟವನ್ನೆಲ್ಲ ಕೂಡಿಸಿ, ಊಟ ತಿಂಡಿ ಮರೆತು, ಹೇಗೋ ಒಂದನ್ನು ನಡೆಯುವಂತೆ ಮಾಡಿದರು. ಅದನ್ನು ತುದಿಯ ಮಂಚದ ಎಳೆ ಹರೆಯದ ಹೆಂಗಸಿಗೆ ಹಾಕಿದರು. ಇಲ್ಲಿನ ಕರೆಂಟಿಗೆ ಅದೂ ಬಹಳ ದಿನ ಬಾಳದು ಎಂದು ನನಗೆ ಮಾತ್ರ ಹೇಳಿದರು.

ಅಮ್ಮನಿಗೆ ಹೇಳುವವರು ಯಾರು? ಮುದುಕಿಯ ಮನಸ್ಸು ಯಾಕೆ ಮುರಿಯಬೇಕು, ಸ್ವಿಚ್ ಹಾಕಿದಾಗ ಸದ್ದು ಬಂದರಾಯಿತು ಎಂದರು ಪಾಸ್ಟರ್. ಅದಕ್ಕೆ ಇವರು ಡಬ್ಬದೊಳಗೊಂದು ಹಳೆಯ ಫ್ಯಾನನ್ನೂ ಹಸಿರು ದೀಪವನ್ನೂ ಕೂರಿಸಿದರು. ಮೊದಲು ಚೆನ್ನಾಗಿ ಬೈದೆ. ಆಮೇಲೆ, ಆ ಸದ್ದು ಪ್ರಾರ್ಥನೆ ಮುಗಿಯುವವರೆಗೆ ಇರುತ್ತದಾ ಎಂದು ಕೇಳಿದೆ.

ಬರೀ ಸದ್ದಿಗೆ ಅಮ್ಮ ಬಗ್ಗುವವಳಲ್ಲ. ಗಾಳಿ ಬರುತ್ತಿದ್ದರೆ ಮಷೀನಿನ ಮುಂದಿರುವ ಗಾಜಿನ ಕೊಳವೆಯಲ್ಲಿ ಪುಟ್ಟ ಗುಂಡೊಂದು ಮೇಲೇಳುತ್ತದೆ. ತಮ್ಮನ ಪಕ್ಕ ಕೂತು ಕೂತು ಅವಳಿಗೆ ಅದೆಲ್ಲ ಬಾಯಿಪಾಠ. ಆದ್ದರಿಂದ ಇವರು ಗುಂಡನ್ನು ಎತ್ತಿ ನಡುವೆ ನಿಲ್ಲಿಸಿ ಗೋಂದು ಹಾಕಿ, ಸ್ವಿಚ್ ಹಾಕುವವರೆಗೆ ಕಾಣದಂತೆ ಮೇಲೊಂದು ಬಟ್ಟೆ ಹೊದಿಸಿದರು. ನಮ್ಮ ಮನೆಯ ನಲ್ಲಿಯನ್ನು ಇಂದಿಗೂ ನೆಟ್ಟಗೆ ಮಾಡದವರು, ಆ ಕೆಲಸವನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದರು! ನೆನೆದರೆ ಹೊಟ್ಟೆ ಉರಿಯುತ್ತದೆ.

ಕೊನೆಯ ದಿನ ಅಮ್ಮ ಸ್ವಿಚ್ ಹಾಕಿದಳು. ಮಷೀನು ಗುಂಯ್‌ ಎಂದಿತು, ದೀಪ ಹತ್ತಿತು, ಇವರು ಬಟ್ಟೆ ಸರಿಸಿದರು. ಅಮ್ಮ ಬಗ್ಗಿ ಗುಂಡನ್ನು ನೋಡಿದಳು. ಅವಳ ಮುಖ ಅಷ್ಟು ಹಗುರಾದದ್ದನ್ನು ನಾನು ತಮ್ಮ ಹೋದ ಮೇಲೆ ಕಂಡಿರಲಿಲ್ಲ. ಸುಳ್ಳಾದರೂ ಸಾರ್ಥಕವಾಯಿತು ಎಂದುಕೊಂಡೆ. ಎಲ್ಲರೂ ಚಹಾಕ್ಕೆ ಹೊರಟಾಗ, ನಾನು ಸ್ವಲ್ಪ ಹೊತ್ತು ಇಲ್ಲೇ ಕೂತಿರುತ್ತೇನೆ ಎಂದಳು. ಕೂತಿರಲಿ ಎಂದು ಬಿಟ್ಟು ಹೋದೆವು.

ಲೋಟ ಬಾಯಿಗಿಡುವಷ್ಟರಲ್ಲಿ ವಾರ್ಡಿನಿಂದ ನರ್ಸಿನ ಕೂಗು ಕೇಳಿತು. ಓಡಿ ಹೋದರೆ ತುದಿಯ ಮಂಚದ ಹೆಂಗಸು ಬಾಯಿ ಬಾಯಿ ಬಿಡುತ್ತಿದ್ದಳು. ತುಟಿ ನೀಲಿಗಟ್ಟಿತ್ತು. ಅಮ್ಮ ಅವಳ ಕೈ ಹಿಡಿದುಕೊಂಡು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಳು. ಆ ಹೆಂಗಸಿನ ಮೂಗಿನ ಪೈಪನ್ನು ನಡೆಯುವ ಮಷೀನಿನಿಂದ ಕಿತ್ತು ತಮ್ಮನ ಮಷೀನಿಗೆ ಸಿಕ್ಕಿಸಿದ್ದಳು. ಇವರು ಅದನ್ನು ಎಳೆದು ಮತ್ತೆ ಮೊದಲಿನದಕ್ಕೇ ಹಾಕಿದರು. ನಿಧಾನವಾಗಿ ಆ ಹೆಂಗಸಿಗೆ ಉಸಿರು ಹತ್ತಿತು. ನರ್ಸು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಅಮ್ಮನಿಗೆ ಏನೂ ತಿಳಿಯಲಿಲ್ಲ. "ನನ್ನ ಮಗಂದೂ ಒಂದು ಗಳಿಗೆ ಇವಳಿಗೆ ಸಿಗಲಿ ಅಂತ ಹಾಕಿದೆ. ಗುಂಡು ಮೇಲೇ ಇದೆಯಲ್ಲಪ್ಪಾ" ಎಂದಳು.

"ಅದನ್ನ ನಾನೇ ಅಂಟಿಸಿದ್ದು, ಅತ್ತೆ. ಒಳಗೆ ಏನೂ ಇಲ್ಲ."

ಅಳುತ್ತಾಳೆ, ಇಲ್ಲವೇ ಅಳಿಯನ ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡೆ. ಎರಡೂ ಆಗಲಿಲ್ಲ. ಫ್ಯಾನು ಇನ್ನೂ ತಿರುಗುತ್ತಿತ್ತು. ಅಮ್ಮ ಗಾಜಿನ ಮೇಲೆ, ಗುಂಡಿರುವಲ್ಲಿ ಬೆರಳಿಟ್ಟಳು.

"ಅವನ ಪಕ್ಕ ಇದ್ದದ್ರಲ್ಲೂ ಗುಂಡು ಹೀಗೇ ನಿಂತಿತ್ತು" ಎಂದಳು. "ಅದರಲ್ಲಿ ಗಾಳಿ ಬರ್ತಿತ್ತಾ?"

ಬರುತ್ತಿತ್ತು ಅತ್ತೆ, ನಾನೇ ನೋಡಿದ್ದೆ ಎಂದರು ಇವರು. ಅದು ನಿಜ. ಇವರು ನಿಜವಾಗಿಯೂ ನೋಡಿದ್ದರು. ನಾನೂ ಹೌದಮ್ಮಾ ಎಂದೆ. ಆದರೆ ನಮ್ಮ ಮಾತನ್ನು ಅವಳು ಇನ್ನು ಯಾವ ಆಧಾರದ ಮೇಲೆ ನಂಬಬೇಕು?

ಊರಿಗೆ ಬಂದ ಮೇಲೂ ಕೇಳುತ್ತಲೇ ಇದ್ದಾಳೆ. ಊಟಕ್ಕೆ ಕೂತವಳು ತುತ್ತು ಕೈಯಲ್ಲಿ ಹಿಡಿದು, ಬರ್ತಿತ್ತಾ ಎನ್ನುತ್ತಾಳೆ. ಬರ್ತಿತ್ತಮ್ಮಾ ಎನ್ನುತ್ತೇನೆ. ಆಯಿತು ಬಿಡು ಎಂದು ತಟ್ಟೆ ಬಿಟ್ಟು ಏಳುತ್ತಾಳೆ.