ನೌಫಾಳ ಮನೆಯ ಕಾಫಿ

ಸರ್ಕಾರವನ್ನು ಹೇಗೆ ಸರಿಮಾಡಬೇಕು ಎಂಬ ವಿಷಯದಲ್ಲಿ ಉಮ್ ಜುರ್ನ್ ಊರಿನ ಗಂಡಸರಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಸಂಜೆಯಾದರೆ ಸಾಕು, ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ಬುದ್ಧಿಯನ್ನೂ ಅಲ್ಲೇ ಬಿಟ್ಟು, ಕುಲದ ಚಾವಡಿಯಲ್ಲಿ ದಿಂಬಿಗೊರಗಿ ಶುರು ಹಚ್ಚಿಕೊಳ್ಳುತ್ತಿದ್ದರು. ಒಬ್ಬ ಮಂತ್ರಿಗಳನ್ನೆಲ್ಲ ಮನೆಗೆ ಕಳಿಸುತ್ತಿದ್ದ. ಇನ್ನೊಬ್ಬ ಅವರ ಕಾರುಗಳನ್ನು ಹರಾಜು ಹಾಕುತ್ತಿದ್ದ. ಸೈನ್ಯದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾದ ಖಲಫ್ ಅಂತೂ ಕಳ್ಳರನ್ನೆಲ್ಲ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ತಾನೇ ವಿಚಾರಣೆ ಮುಗಿಸಿಬಿಡುತ್ತಿದ್ದ. ಊಟದ ಹೊತ್ತಿಗೆ ದೇಶ ಪೂರ್ತಿ ಸುಧಾರಿಸಿರುತ್ತಿತ್ತು. ಎಲ್ಲರೂ ಎದ್ದು ಮನೆಗೆ ಹೋಗುತ್ತಿದ್ದರು.

ನೌಫಾ ಇದನ್ನೆಲ್ಲ ಚಾವಡಿಯ ಅಡುಗೆಮನೆಯ ಕಿಟಕಿಯಿಂದ ವರ್ಷಗಟ್ಟಲೆ ಕೇಳಿದವಳು. ಮದುವೆಯಿರಲಿ, ಸಾವಿರಲಿ, ಎರಡು ಮನೆಗಳ ರಾಜಿಯಿರಲಿ, ಮನ್ಸಫ್ ಎಂಬ ಔತಣದಡುಗೆಯ ಮಾಂಸಕ್ಕೆ ಮೊಸರು ಕುದಿಸಲು ಅವಳೇ ಬರಬೇಕು. ಕುರಿಮೊಸರಿಗೆ ಉಪ್ಪು ಹಾಕಿ, ಬಟ್ಟೆಯಲ್ಲಿ ಕಟ್ಟಿ, ಉಂಡೆ ಮಾಡಿ ಒಣಗಿಸಿ ಮಾರುವುದು ಅವಳ ಕಸುಬು. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿ, ಮದುವೆ ಮಾಡಿಕೊಟ್ಟದ್ದು ಆ ಉಂಡೆಗಳಿಂದಲೇ. ಕಿಟಕಿಯಿಂದ ನೋಡಿದರೆ ಗಂಡಸರು ಮೊಣಕೈವರೆಗೆ ತುಪ್ಪ ಮಾಡಿಕೊಂಡು ತಿನ್ನುತ್ತ ಕಳ್ಳರನ್ನು ಬೈಯುತ್ತಿರುತ್ತಿದ್ದರು. ಕಳ್ಳ ಅವರ ಪಕ್ಕದಲ್ಲೇ ಕೂತು ಬೆರಳು ನೆಕ್ಕುತ್ತಿರುತ್ತಿದ್ದ. ಅವನ ಹೆಸರು ಅಬು ತಲಾಲ್, ಪುರಸಭೆಯ ಅಧ್ಯಕ್ಷ. ಸರ್ಕಾರವನ್ನು ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದವನೂ ಅವನೇ.

ಉಮ್ ಜುರ್ನ್‌ನಲ್ಲಿ ಸರ್ಕಾರವೆಂದರೆ ನೀರು. ನಲ್ಲಿಯಲ್ಲಿ ವಾರಕ್ಕೊಮ್ಮೆ ಬಂದರೆ ಬಂತು. ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಆಮೇಲೆ ಪುರಸಭೆಯ ಟ್ಯಾಂಕರೇ ಗತಿ. ಆ ಟ್ಯಾಂಕರು ಅಬು ತಲಾಲ್‌ನ ಭುಜಕ್ಕೆ ಮುತ್ತಿಟ್ಟವರ ಮನೆಗೆ ಮೊದಲು ಹೋಗುತ್ತಿತ್ತು, ಅವನ ಬೀಗರ ಆಲಿವ್ ತೋಟಕ್ಕೆ ಅದಕ್ಕೂ ಮೊದಲು. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಈ ಸಲದ ಚುನಾವಣೆಗೆ ಚಾವಡಿಯಲ್ಲಿ ಸೇರಿ, ಸರ್ಕಾರವನ್ನು ಹಿಗ್ಗಾಮುಗ್ಗಾ ಬೈದು, ಕಡೆಗೆ ಕುಲದ ಒಮ್ಮತದ ಅಭ್ಯರ್ಥಿ ಎಂದು ಮತ್ತೆ ಅಬು ತಲಾಲ್‌ನನ್ನೇ ಆರಿಸಿದರು. ಕಿಟಕಿಯಾಚೆ ಸೌಟು ಹಿಡಿದಿದ್ದ ನೌಫಾಳಿಗೆ ಆ ಕ್ಷಣ ಅವರ ಮೇಲೆ ಹುಟ್ಟಿದ್ದು ಸಿಟ್ಟಲ್ಲ, ಹೇಸಿಗೆ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಮಾದಬಾ ಪಟ್ಟಣದ ಚುನಾವಣಾ ಕಚೇರಿಗೆ ಹೋಗಿ, ಅಧ್ಯಕ್ಷ ಸ್ಥಾನಕ್ಕೆ ತನ್ನ ಹೆಸರು ಕೊಟ್ಟು ಬಂದಳು.

ಊರು ಮೊದಲು ನಕ್ಕಿತು. ಗೆದ್ದರೆ ಏನು ಮಾಡ್ತೀಯ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ಯಾವ ಓಣಿಗೆ ಯಾವತ್ತು ಟ್ಯಾಂಕರು ಅಂತ ಚಾವಡಿ ಗೋಡೆ ಮೇಲೆ ಬರೆಸ್ತೀನಿ. ಬೇರೇನೂ ಮಾಡಲ್ಲ." ಹೆಂಗಸರು ಇದನ್ನು ಕೇಳಿಸಿಕೊಂಡು ಸುಮ್ಮನಿದ್ದರು, ಆದರೆ ಉಂಡೆ ಕೊಳ್ಳುವ ನೆಪದಲ್ಲಿ ಅವಳ ಮನೆಗೆ ಬರುವುದು ಜಾಸ್ತಿಯಾಯಿತು. ಆಗ ಗಂಡಸರ ನಗು ನಿಂತಿತು. ಕುಲದ ಮತ ಎರಡಾದರೆ ಕಣಿವೆಯಾಚೆಯ ಕುಲದವರು ಕುರ್ಚಿ ಹೊಡೆದುಕೊಂಡು ಹೋಗುತ್ತಾರೆ. ಟ್ಯಾಂಕರು ಅವಳ ಓಣಿಗೆ ಬರುವುದು ನಿಂತಿತು. ಅವಳೊಬ್ಬಳ ಮನೆಗಲ್ಲ, ಇಡೀ ಓಣಿಗೆ. ಅಕ್ಕಪಕ್ಕದವರೇ ಅವಳಿಗೆ ಬುದ್ಧಿ ಹೇಳಲಿ ಎಂಬ ಲೆಕ್ಕಾಚಾರ.

ಓಣಿಯ ತೊಟ್ಟಿಗಳೆಲ್ಲ ತಳ ಕಂಡಿದ್ದ ಒಂದು ಮಧ್ಯಾಹ್ನ ಅವಳ ತಮ್ಮ ಹಾಯೆಲ್ ಓಡಿಬಂದ. ಅವನದು ಪಕ್ಕದ ಮನೆ. ಒಳ್ಳೆಯವನು, ಆದರೆ ನಾಲ್ಕು ಜನ ಹಿರಿಯರು ಎದುರು ಕೂತರೆ ಮೇಣದ ಹಾಗೆ ಕರಗುವವನು.

"ಅಕ್ಕಾ, ಇಳಿಹೊತ್ತಿನ ಅಸರ್ ನಮಾಜು ಮುಗಿಸ್ಕೊಂಡು ಬರ್ತಾರಂತೆ. ಶೇಖ್ ಅವ್ವಾದ್ ದೊಡ್ಡಪ್ಪನೇ ಬರ್ತಾ ಇದಾರೆ. ಹಿರೀಕರೆಲ್ಲ ಬರ್ತಾರೆ."

"ಯಾಕಂತೆ?"

"ಯಾಕೆ ಅಂತ ನಿಂಗೊತ್ತಿಲ್ವ? ನಿನ್ನ ಹೆಸರು ವಾಪಸ್ ತೆಗಿಸೋಕೆ."

ನೌಫಾ ಕೈಯಲ್ಲಿದ್ದ ಮೊಸರುಂಡೆಯನ್ನು ತಟ್ಟೆಗಿಟ್ಟಳು. ಹಿರಿಯರು ಬೇಡಿಕೆ ಹೊತ್ತು ಮನೆಗೆ ಬರುವುದೆಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಫಿ ಬರುತ್ತದೆ. ಹಿರಿಯ ತನ್ನ ಬಟ್ಟಲನ್ನು ಕುಡಿಯದೆ ಕೆಳಗಿಟ್ಟು, ನಮ್ಮದೊಂದು ಕೋರಿಕೆಯಿದೆ ಎನ್ನುತ್ತಾನೆ. ಮನೆಯ ಗಂಡಸು, ಕಾಫಿ ಕುಡಿಯಿರಿ ಎನ್ನುತ್ತಾನೆ. ಹಾಗೆಂದರೆ ಕೇಳಿದ್ದನ್ನು ಕೊಟ್ಟಂತೆ. ಬಟ್ಟಲು ತಣ್ಣಗಾಗಲು ಬಿಟ್ಟರೆ ಇಲ್ಲವೆಂದಂತೆ. ಹಾಗೆ ಬಿಟ್ಟವನು ಆ ಊರಲ್ಲಿ ಇದುವರೆಗೆ ಹುಟ್ಟಿರಲಿಲ್ಲ. ಹಾಯೆಲ್ ಹೀಗೆಯೇ ಒಂದು ಸಲ ಹೊಲದ ಅಂಚು ಬಿಟ್ಟುಕೊಟ್ಟಿದ್ದ. ಇನ್ನೊಂದು ಸಲ, ಕಾರು ಗುದ್ದಿ ತನ್ನ ಕಾಲು ಮುರಿದವನನ್ನು ಕಾಲಿಗೆ ಕಟ್ಟು ಹಾಕಿಕೊಂಡೇ ಕ್ಷಮಿಸಿದ್ದ.

"ಅವರು ಬಟ್ಟಲು ಇಟ್ರೆ ನೀನೇನಂತೀಯ?" ಎಂದಳು.

"ಏನನ್ಲಿ ಅಕ್ಕಾ? ಶೇಖ್ ಬಟ್ಟಲು ಇಟ್ಟ ಮೇಲೆ ಅದರಲ್ಲಿ ಉಗಿಯೋಕಾಗತ್ತಾ?"

"ಸರಿ ಬಿಡು. ಬರ್ಲಿ."

ಬಂದರು. ಉದ್ದ ಅಂಗಿ, ಇಸ್ತ್ರಿ ಮಾಡಿದ ರುಮಾಲು, ಮುಖದ ಮೇಲೆ ಹೆಣ ಎತ್ತಲು ಬಂದವರ ಗಾಂಭೀರ್ಯ. ಕುಲದ ಯಜಮಾನ ಶೇಖ್ ಅವ್ವಾದ್ ನಡುವೆ ಕೂತರು. ಖಲಫ್ ಅವರ ಬಲಕ್ಕೆ. ಹಿಂದಿನ ಸಾಲಿನಲ್ಲಿ, ತಾನು ಇದಕ್ಕೆಲ್ಲ ಸಂಬಂಧಿಸಿದವನೇ ಅಲ್ಲವೆಂಬಂತೆ ಅಬು ತಲಾಲ್. ಕುಶಲ ವಿಚಾರಿಸಿದ್ದಾಯಿತು, ಕುರಿಗಳನ್ನು ವಿಚಾರಿಸಿದ್ದಾಯಿತು. ಆಮೇಲೆ ಎಲ್ಲರೂ ಸುಮ್ಮನೆ ಕೂತು ಕಾಫಿಗಾಗಿ ಕಾದರು. ಕಾಫಿ ಬರಲಿಲ್ಲ. ಶೇಖ್ ಕೆಮ್ಮಿದರು. ಜಪಮಣಿ ಒಂದು ಸುತ್ತು ತಿರುಗಿತು, ಮತ್ತೊಂದು ಸುತ್ತು ತಿರುಗಿತು. ಕಾಫಿ ಬಾರದೆ ಬಟ್ಟಲಿಲ್ಲ, ಬಟ್ಟಲಿಲ್ಲದೆ ಕೋರಿಕೆಯಿಲ್ಲ. ಅಷ್ಟು ಜನ ಮೀಸೆ ಹೊತ್ತವರು ಒಬ್ಬ ಹೆಂಗಸಿನ ಅಡುಗೆಮನೆಯ ಬಾಗಿಲನ್ನು ಮಕ್ಕಳ ಹಾಗೆ ನೋಡುತ್ತ ಕೂತರು.

ಹಾಯೆಲ್ ಒಳಗೆ ಬಂದ. ಮುಖ ಬಿಳಿಚಿಕೊಂಡಿತ್ತು. "ಅಕ್ಕಾ, ಕಾಫಿ ಎಲ್ಲಿ? ನನ್ನ ಮಾನ ತೆಗೀಬೇಡ."

ನೌಫಾ ಖಾಲಿ ಕೊಡವನ್ನು ಅವನೆದುರು ಬೋರಲು ಹಾಕಿ ತೋರಿಸಿದಳು. "ನೀರೆಲ್ಲಿದೆಯೋ? ನಿನ್ನ ಮನೇಲಿದ್ರೆ ತಗೊಂಬಾ."

ಅವನ ಮನೆಯಲ್ಲೂ ಇರಲಿಲ್ಲ. ಓಣಿಯಲ್ಲೇ ಇರಲಿಲ್ಲ.

"ಅಂಗಡಿಯಿಂದ ಬಾಟಲಿ ತರ್ಲಾ?"

"ತಗೊಂಬಾ. ನಮ್ಮಪ್ಪನ ಮಗ ಹಾಯೆಲ್, ಶೇಖ್ ಅವ್ವಾದ್‌ಗೆ ಅಂಗಡಿ ಬಾಟಲಿ ನೀರಲ್ಲಿ ಕಾಫಿ ಮಾಡ್ಸಿದ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ಲಿ." ಅವಳು ಬೇಕೆಂದೇ ಹೊರಗೆ ಕೇಳುವಷ್ಟು ಜೋರಾಗಿ ಹೇಳಿದಳು.

ಹಾಯೆಲ್ ಹೊರಗೆ ಹೋಗಿ ನೆಲ ನೋಡುತ್ತ ನಿಂತ. "ದೊಡ್ಡಪ್ಪ, ಮನೇಲಿ ನೀರಿಲ್ಲ."

ಯಾರೂ ಹಿಂದೆ ತಿರುಗಿ ನೋಡಲಿಲ್ಲ, ಆದರೆ ಅಬು ತಲಾಲ್ ಎಲ್ಲಿ ಕೂತಿದ್ದಾನೆಂದು ಆ ಕೋಣೆಯಲ್ಲಿ ಎಲ್ಲರಿಗೂ ನೆನಪಾಯಿತು. ಅವನು ಮೊಬೈಲ್ ಹಿಡಿದು ಅಂಗಳಕ್ಕೆ ಹೋದ. ಶೇಖ್ ಇನ್ನೊಂದು ಸಲ ಕೆಮ್ಮುವಷ್ಟರಲ್ಲಿ ಎಂಬಂತೆ ಟ್ಯಾಂಕರು ಓಣಿಯ ತಿರುವಿನಲ್ಲಿ ಹಾರ್ನ್ ಹೊಡೆಯಿತು. ಓಣಿಯವರು ಕೇಳಿದಾಗಲೆಲ್ಲ ಕೆಟ್ಟು ನಿಂತಿದೆ, ಚಾಲಕನಿಗೆ ಹುಷಾರಿಲ್ಲ, ಡೀಸೆಲ್ ಮಂಜೂರಾಗಿಲ್ಲ ಎನ್ನುತ್ತಿದ್ದ ಅದೇ ಟ್ಯಾಂಕರು. ಹಿರಿಯನೊಬ್ಬನ ಕಾಫಿಗೆ ನೀರು ಬೇಕೆಂದಾಗ ಎಂಥ ಸರ್ಕಾರವೂ ಓಡುತ್ತದೆ, ನೋಡಿ.

ನೌಫಾ ಹೊರಗೆ ಬಂದು ಚಾಲಕನಿಗೆ ಹೇಳಿದಳು: "ನಮ್ಮನೆ ತುಂಬಿಸಿ ಹಾಗೇ ಹೋಗ್ಬೇಡ ಅಣ್ಣ. ಶೇಖ್ ಬಂದಿರೋ ಓಣಿ ಇದು. ಇಲ್ಲಿ ಒಂದು ಮನೆ ಒಣಗಿದ್ರೂ ಅವರಿಗೇ ಅವಮಾನ." ಚಾಲಕ ಅಬು ತಲಾಲ್‌ನ ಮುಖ ನೋಡಿದ. ಅಬು ತಲಾಲ್ ಶೇಖ್‌ರ ಮುಖ ನೋಡಿದ. ಶೇಖ್ ಜಪಮಣಿ ನೋಡಿಕೊಂಡರು. ಪೈಪು ಒಂದು ಮಾಳಿಗೆಯ ತೊಟ್ಟಿಯಿಂದ ಇನ್ನೊಂದಕ್ಕೆ ಹೋಯಿತು.

ಅವಳು ಕಾಫಿಗೆ ಅವಸರ ಮಾಡಲಿಲ್ಲ. ಬೀಜ ಹುರಿದಳು, ಆರಲು ಬಿಟ್ಟಳು, ಏಲಕ್ಕಿ ಸೇರಿಸಿ ಒರಳಲ್ಲಿ ಕುಟ್ಟಿದಳು. ಹೊರಗೆ ಕೂತವರಿಗೆ ಹೊತ್ತು ಹೋಗಬೇಕಲ್ಲ, ಅಭ್ಯಾಸಬಲದಿಂದ ಸರ್ಕಾರವನ್ನು ಹಿಡಿದುಕೊಂಡರು.

"ನನ್ನ ಕೈಗೆ ಒಂದೇ ಒಂದು ದಿನ ಕೊಡ್ಲಿ," ಎಂದ ಖಲಫ್. "ಹಳಬರನ್ನೆಲ್ಲ ಕಿತ್ತೊಗೆದು ಹೊಸಬರನ್ನ ತರ್ತೀನಿ. ಸ್ವಂತದ್ದೇನೂ ಬೇಡ ಅನ್ನೋರನ್ನ."

"ಎಲ್ಲಿದಾರೆ ಅಂಥೋರು?" ಎಂದ ಇನ್ನೊಬ್ಬ. "ಒಳ್ಳೇರು ಯಾರು ಮುಂದೆ ಬರ್ತಾರೆ ಈ ಕಾಲದಲ್ಲಿ?"

"ಬಂದ್ರೂ ನಿಲ್ಲೋಕೆ ಬಿಡ್ತಾರಾ? ಮೇಲಿನೋರು ಕಾಲೆಳೆದು ಕೂರಿಸ್ತಾರೆ."

"ಜನಾನೇ ಸರಿಯಿಲ್ಲ ಬಿಡಿ," ಎಂದ ಅಬು ತಲಾಲ್ ನಿಟ್ಟುಸಿರಿಟ್ಟು.

ಒರಳಿನ ಮುಂದೆ ನೌಫಾಳ ಕೈ ನಿಂತುಹೋಯಿತು. ನಗಬೇಕೋ, ಹೊರಗೆ ಹೋಗಿ ಒನಕೆಯಲ್ಲಿ ಬಾರಿಸಬೇಕೋ ತಿಳಿಯಲಿಲ್ಲ. ಇವರು ಸುಳ್ಳು ಹೇಳುತ್ತಿರಲಿಲ್ಲ, ಅದೇ ಅವಳಿಗೆ ತಡೆಯಲಾಗದ್ದು. ಒಬ್ಬಳನ್ನು ಕಾಲೆಳೆದು ಕೂರಿಸಲು ಅವಳದೇ ಮನೆಯ ದಿಂಬಿಗೆ ಒರಗಿ ಕೂತು, ಕಾಲೆಳೆಯುವವರನ್ನು ಮನಸಾರೆ ಶಪಿಸುತ್ತಿದ್ದರು. ಆ ಎರಡೂ ಒಂದೇ ಎಂದು ಅಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ.

ಗಿಂಡಿಯನ್ನು ಅವಳೇ ಹೊರಗೆ ತಂದಳು. ಬಗ್ಗಿಸುವ ಕೆಲಸ ಹಾಯೆಲ್‌ನದು. ಅವನು ಕೈ ಚಾಚಿದ, ಅವಳು ಕೊಡಲಿಲ್ಲ. ಪುಟ್ಟ ಬಟ್ಟಲಿನ ತಳ ಮುಚ್ಚುವಷ್ಟು ಬಗ್ಗಿಸಿ ಶೇಖ್‌ರ ಕೈಗೆ ಕೊಟ್ಟಳು. ಶೇಖ್ ಬಟ್ಟಲನ್ನು ನೆಲಕ್ಕಿಟ್ಟು ಹಾಯೆಲ್‌ನನ್ನು ನೋಡಿದರು.

"ಹಾಯೆಲ್, ನಮ್ಮದೊಂದು ಕೋರಿಕೆ ಇದೆಯಪ್ಪ. ನೌಫಾ ಚುನಾವಣೆಯಿಂದ ಹಿಂದೆ ಸರೀಬೇಕು. ಕುಲ ಒಡೀಬಾರ್ದು."

ಹಾಯೆಲ್ ಅಕ್ಕನ ಕಡೆ ಒಮ್ಮೆ ನೋಡಿದ. ಅವನ ಕಣ್ಣಲ್ಲಿ ನೀರಿತ್ತು. "ಕಾಫಿ ಕುಡೀರಿ, ದೊಡ್ಡಪ್ಪ," ಎಂದ.

ಕೋಣೆಯಲ್ಲಿ ಉಸಿರು ಬಿಟ್ಟದ್ದು ಕೇಳಿಸಿತು. ಶೇಖ್ ಕಾಫಿ ಕುಡಿದರು. ಖಲಫ್ ಹಾಯೆಲ್‌ನ ಬೆನ್ನು ತಟ್ಟಿದ. ಅಬು ತಲಾಲ್ ರುಮಾಲು ಸರಿಮಾಡಿಕೊಂಡು ಏಳಲು ಕಾಲು ಮಡಚಿದ.

"ದೊಡ್ಡಪ್ಪ," ಎಂದಳು ನೌಫಾ. "ಹಾಯೆಲ್ ತನ್ನದನ್ನ ಕೊಟ್ಟ. ದೊಡ್ಡ ಮನಸ್ಸು ಅವನದು. ಅವನ ಹೆಸರು ಯಾವ ಚುನಾವಣೇಲಿದ್ರೂ ತೆಗೀರಿ. ನನ್ನದನ್ನ ನನ್ನ ಹತ್ರ ಯಾರೂ ಕೇಳಿಲ್ಲ."

ಖಲಫ್ ಎದ್ದು ನಿಂತ. "ಏನು ಮಾತು ಅಂತ ಆಡ್ತೀಯ? ಗಂಡಸು ಮಾತು ಕೊಟ್ಟಾಯ್ತು."

"ಕೊಟ್ಟಿರೋ ಗಂಡಸನ್ನ ಮಾದಬಾಕ್ಕೆ ಕರ್ಕೊಂಡು ಹೋಗಿ ಖಲಫ್. ವಾಪಸ್ ತಗೊಳ್ಳೋ ಸಹಿ ಅಭ್ಯರ್ಥಿನೇ ಹಾಕ್ಬೇಕಂತೆ. ಅಲ್ಲಿ ಕೂತಿರೋ ಗುಮಾಸ್ತನಿಗೆ ನಮ್ಮ ಕಾಫಿ ಗೊತ್ತಿಲ್ಲ." ಅವಳು ಶೇಖ್‌ರ ಬಟ್ಟಲಿಗೆ ಮತ್ತೆ ಬಗ್ಗಿಸಿದಳು. "ಬೇಕಾದ್ರೆ ನನ್ನ ಕೇಳಿ."

ಆ ಊರಿನಲ್ಲಿ ಹೆಂಗಸಿನ ಮುಂದೆ ಬಟ್ಟಲು ಇಟ್ಟ ಹಿರಿಯನಿರಲಿಲ್ಲ. ಇಟ್ಟರೆ ಮಾನ ಹೋಯಿತು, ಇಡದಿದ್ದರೆ ಕುರ್ಚಿ ಹೋಯಿತು. ಯಾವುದು ದೊಡ್ಡದು ಎಂದು ಅವರು ಲೆಕ್ಕ ಹಾಕುವುದು ಮುಖದ ಮೇಲೇ ಕಾಣುತ್ತಿತ್ತು. ನೋಡಲು ನಾಚಿಕೆಯಾಗುವಂಥ ದೃಶ್ಯ. ಕಡೆಗೆ ಹಿಂದಿನ ಸಾಲಿನಿಂದ ಅಬು ತಲಾಲ್ ಮೆಲ್ಲಗೆ, "ಕೇಳ್ಬಿಡಿ ಶೇಖ್, ಏನಾಯ್ತೀಗ," ಎಂದ. ಮಾನ ಅವನದಲ್ಲವಲ್ಲ.

ಶೇಖ್ ಅವನತ್ತ ತಿರುಗಿ ನೋಡಿದ ನೋಟದಲ್ಲಿ ಅಸಹ್ಯವಿತ್ತು. ಆಮೇಲೆ ಬಟ್ಟಲನ್ನು ನೌಫಾಳ ಮುಂದಿಟ್ಟರು.

"ಮಗಳೇ ನೌಫಾ. ನಾನು ಕೇಳ್ತಾ ಇದೀನಿ. ಬಿಟ್ಬಿಡು."

ಅವಳು ಅವರೆದುರು ಕೂತಳು. ಚಿಕ್ಕವಳಿದ್ದಾಗ ಈ ಮನುಷ್ಯನ ಹೆಗಲ ಮೇಲೆ ಕೂತು ಕುರಿಜಾತ್ರೆ ನೋಡಿದ್ದಳು. ಅಪ್ಪ ಸತ್ತಾಗ ಮೊದಲ ಹಿಡಿ ಮಣ್ಣು ಹಾಕಿದ್ದು ಇವರೇ. ಕಾಫಿ ಕುಡೀರಿ ಎಂಬ ಎರಡು ಪದ ಸಾಕಿತ್ತು, ಎಲ್ಲರೂ ಅವಳ ತಲೆ ಮುಟ್ಟಿ ಹರಸಿ ಹೋಗುತ್ತಿದ್ದರು, ಸಂಜೆಗೆ ಚಾವಡಿ ಸೇರಿ ಮತ್ತೆ ದೇಶ ಸುಧಾರಿಸುತ್ತಿದ್ದರು. ಮಾಳಿಗೆಯ ಮೇಲೆ ನೀರು ಸುರಿಯುವ ಸದ್ದು ಕೇಳಿಸುತ್ತಿತ್ತು. ನಾಲ್ಕನೆಯ ಮನೆಯೋ, ಐದನೆಯದೋ. ಯಾವುದೋ ಹೆಂಗಸು ಇನ್ನೊಬ್ಬಳನ್ನು ಕೊಡ ತರಲು ಕೂಗಿ ಕರೆಯುತ್ತಿದ್ದಳು.

ನೌಫಾ ಆ ಎರಡು ಪದ ಆಡಲಿಲ್ಲ. ಬಟ್ಟಲಿನ ಹಬೆ ತೆಳ್ಳಗಾಯಿತು, ಆಮೇಲೆ ಇಲ್ಲವಾಯಿತು. ಮಂತ್ರಿಮಂಡಲಗಳನ್ನೇ ಉರುಳಿಸಿದ ಗಂಡಸರು ಆ ಬಟ್ಟಲಿನಿಂದ ಕಣ್ಣು ಕೀಳಲಾರದೆ ಕೂತಿದ್ದರು. ಹಾಯೆಲ್ ಮೊದಲು ಗಾಬರಿಯಿಂದ ನೋಡುತ್ತಿದ್ದ, ಆಮೇಲೆ ಗೋಡೆಗೆ ಒರಗಿ ನಿಂತ. ಅವಳು ಕೈ ಚಾಚಿ ಬಟ್ಟಲಿನ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ತಣ್ಣಗಾಗಿದೆ ದೊಡ್ಡಪ್ಪ," ಎಂದಳು. "ಬೇರೆ ಕಾಯಿಸ್ಲಾ? ಇವತ್ತು ಮನೇಲಿ ನೀರಿದೆ."