ಮೂರನೆಯ ಸಿಲಿಂಡರ್

ಡ್ರಿಲ್ಲಿನ ಕಿರ್‍ರೋ ಸದ್ದಿಗೆ ಅಳುತ್ತಿದ್ದವರೆಲ್ಲ ಒಮ್ಮೆಲೇ ಸುಮ್ಮನಾದರು. ಹ್ಯಾಂಗರಿನ ಈ ತುದಿಯಲ್ಲಿ ಮೆಕ್ಯಾನಿಕ್‌ನ ದೇಹ, ಸುತ್ತ ನಲವತ್ತು ಕುರ್ಚಿ. ಆ ತುದಿಯಲ್ಲಿ ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ. ಅದರ ಮೂತಿಯ ಮುಚ್ಚಳ ತೆಗೆದು, ಸತ್ತವನ ಮಗಳು ನಾಲ್ಕನೆಯ ಎಕ್ಸಾಸ್ಟ್ ಪೈಪಿಗೆ ತೂತು ಕೊರೆಯುತ್ತಿದ್ದಳು. ಅವಳೂ ಮೆಕ್ಯಾನಿಕ್ಕೇ. ಇಪ್ಪತ್ತು ವರ್ಷ ಅಪ್ಪನಿಂದ ಬೈಸಿಕೊಂಡೇ ಕೆಲಸ ಕಲಿತವಳು.

“ಅಪ್ಪನ ಹೆಣ ಮುಂದಿಟ್ಕೊಂಡು ಇದೇನೇ ಇವಳ ಅವತಾರ?” ಸತ್ತವನ ತಂಗಿ ಅತ್ತಿಗೆಯ ತೋಳು ಜಗ್ಗಿದಳು.

“ಕೊರೀಲಿ ಬಿಡು. ಮೂರು ಅವರೇ ಕೊರೆದಿದ್ರು, ಇದೊಂದು ಉಳಿದಿತ್ತು,” ಎಂದಳು ಹೆಂಡತಿ.

“ನಾಳೆ ಕೊರೀಬಾರ್ದಾ?”

“ನಾಳೆ ಅವರು ಇಲ್ಲಿರಲ್ವಲ್ಲೇ.”

ನಾಲ್ಕು ಗಂಟೆಗೆ ಮಣ್ಣು. ಆ ಹೊತ್ತಿಗೆ ಸರಿಯಾಗಿ ಸ್ಮಶಾನದ ಮೇಲೆ ಒಂದು ಸುತ್ತು ಹಾರಿ ಸಲಾಂ ಹೊಡೆಯುತ್ತೇನೆಂದು ಕ್ಲಬ್ಬಿನ ಕ್ಯಾಪ್ಟನ್ ಮಾತು ಕೊಟ್ಟಿದ್ದ. ಅರ್ಧಂಬರ್ಧ ಕೆಲಸವಾದ ಇಂಜಿನ್ ಹಾರುವಂತಿಲ್ಲ, ಹಾಗಾಗಿ ಈ ಅವಸರ ಎಂದು ಅವನು ತಿಳಿದಿದ್ದ. ಮಗಳಿಗೆ ಆ ಸಲಾಮು ಎಲ್ಲಿ ಬೇಕಿತ್ತು! ಕೆಟ್ಟದ್ದು ಅಪ್ಪನ ಕಿವಿಯೋ ಇಂಜಿನ್ನೋ, ಅದು ಮಣ್ಣಿಗೆ ಮುಂಚೆ ಇತ್ಯರ್ಥವಾಗಬೇಕಿತ್ತು.

*

ಎಂಟು ತಿಂಗಳ ಹಿಂದೆ ಹ್ಯಾಂಗರಿನಲ್ಲಿ ಊಟದ ಹೊತ್ತಿಗೆ ಅಪ್ಪ ಚಮಚ ಕೆಳಗಿಟ್ಟು, ಹೊರಗೆ ಓಡುತ್ತಿದ್ದ ಇಂಜಿನ್ನಿನ ಕಡೆ ಕತ್ತು ತಿರುಗಿಸಿದ್ದ. “ಮೂರನೇದು ಸರಿಯಾಗಿ ಉಸಿರು ಬಿಡ್ತಿಲ್ಲ. ವಾಲ್ವ್ ಹೋಗ್ತಿದೆ.”

ಸಿಲಿಂಡರಿನ ಒತ್ತಡ ಅಳೆದರು, ಸರಿಯಿತ್ತು. ಎರಡು ತಿಂಗಳು ಬಿಟ್ಟು ಮತ್ತೆ ಅದನ್ನೇ ಹೇಳಿದ. ಮತ್ತೆ ಅಳೆದರು, ಸರಿಯಿತ್ತು. ಮೂರನೆಯ ಸಲ ಕ್ಯಾಪ್ಟನ್ ಎಲ್ಲರೆದುರೇ ಅಂದುಬಿಟ್ಟ: “ಇಂಜಿನ್ ಚೆನ್ನಾಗೇ ಇದೆ ಯಜಮಾನ್ರೇ. ಕೈಕೊಟ್ಟಿರೋದು ನಿಮ್ಮ ಕಿವಿ. ಮನೇಲಿ ಆರಾಮಾಗಿರಿ.” ಹ್ಯಾಂಗರಿಗೆ ಹ್ಯಾಂಗರೇ ನಕ್ಕಿತು. ಅಂದಿನಿಂದ ಅವನು ‘ಕಿವುಡ ಡಾಕ್ಟರು’.

ಅವತ್ತು ಸಂಜೆ ಅವನು ಹೆಂಡತಿಯನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ತಾನು ಹಜಾರಕ್ಕೆ ಹೋಗಿ, ಮೆಲ್ಲಗೆ ಏನಾದರೂ ಹೇಳು ಎಂದ. “ಮುದುಕಾ, ಕಾಫಿ ಆರಿಹೋಗ್ತಿದೆ,” ಎಂದು ಅವಳು ಗೋಡೆಗೆ ಪಿಸುಗುಟ್ಟಿದಳು. “ಮುದುಕ ನಿಮ್ಮಪ್ಪ!” ಎಂದು ಹಜಾರದಿಂದ ಉತ್ತರ ಬಂತು. ಆದರೂ ಅವನ ಸಂಶಯ ಹೋಗಲಿಲ್ಲ. ನಲವತ್ತು ವರ್ಷದ ಕೆಲಸದಲ್ಲಿ ಮೊದಲ ಸಲ ಅವನಿಗೆ ತನ್ನ ಮೇಲೇ ನಂಬಿಕೆ ಹೋಗಿತ್ತು. ಅದು ಅವಳ ಹೊಟ್ಟೆ ಉರಿಸಿತು.

ಕೊನೆಗೆ ಇವನ ಕಾಟ ತಡೆಯಲಾರದೆ ಕ್ಯಾಪ್ಟನ್ ಪೈಪಿನೊಳಗೆ ಬಿಸಿ ಅಳೆಯುವ ಪ್ರೋಬ್‌ಗಳಿಗೆ ಒಪ್ಪಿದ. ನಾಲ್ಕು ಪೈಪಿಗೂ ಒಂದೊಂದು. ಯಾವ ಸಿಲಿಂಡರಿನ ಹೊಗೆ ಎಷ್ಟು ಬಿಸಿಯೆಂದು ಗೇಜು ತೋರಿಸುತ್ತದೆ. “ನಾಲ್ಕೂ ಬುಡದಿಂದ ಒಂದೇ ಅಳತೇಲಿರ್ಬೇಕು,” ಎಂದು ಅವನು ಮಗಳೆದುರು ಐದೈದು ಸಲ ಅಳೆದಿದ್ದ. “ತೂತು ಕೊರೆದ ಮೇಲೆ ಸಾರಿ ಅಂದ್ರೆ ಪೈಪು ಕೇಳಲ್ಲ.” ಮೂರನೆಯದರ ಪಟ್ಟಿ ಬಿಗಿದು, ಸ್ವಲ್ಪ ಸುಧಾರಿಸಿಕೊಳ್ಳುತ್ತೇನೆಂದು ಸ್ಟೂಲಿನ ಮೇಲೆ ಕುಳಿತವನು ಏಳಲಿಲ್ಲ.

*

ಮಗಳು ನಾಲ್ಕನೆಯ ಪ್ರೋಬ್ ತೂರಿಸಿ, ಪಟ್ಟಿ ಬಿಗಿದು, ವೈರುಗಳ ನಂಬರು ಎರಡೆರಡು ಸಲ ನೋಡಿದಳು. ವಿಮಾನವನ್ನು ಹೊರಗೆ ತಳ್ಳಿ ಕಟ್ಟಿಹಾಕಿದರು. ಬಂದವರೆಲ್ಲ ಕುರ್ಚಿಗಳನ್ನು ಅತ್ತ ತಿರುಗಿಸಿಕೊಂಡರು.

ಇಂಜಿನ್ ಬಿಸಿಯಾಯಿತು. ಗೇಜಿನ ಮೂರು ಮುಳ್ಳು ಮೇಲೇರಿ ನಿಂತವು. ಮೂರನೆಯ ಸಿಲಿಂಡರಿನ ಮುಳ್ಳು ನಿಲ್ಲಲಿಲ್ಲ. ನಿಧಾನವಾಗಿ ಏರಿತು, ನಿಧಾನವಾಗಿ ಇಳಿಯಿತು, ಮತ್ತೆ ಏರಿತು.

“ಲೂಸ್ ಕನೆಕ್ಷನ್ ಇರ್ಬೇಕು,” ಎಂದ ಕ್ಯಾಪ್ಟನ್, ಗಾಜಿಗೆ ಉಗುರು ಬಡಿದು.

“ಬಿಚ್ಚಿ ನೋಡೇಬಿಡೋಣ ಸಾರ್.” ಮಗಳು ಆಗಲೇ ಸ್ಪ್ಯಾನರ್ ಎತ್ತಿಕೊಂಡಿದ್ದಳು.

ಇಂಜಿನ್ ಆರಿಸಿ, ಪ್ಲಗ್ ಬಿಚ್ಚಿ, ಒಳಗೆ ಸಣ್ಣ ಕ್ಯಾಮೆರಾ ಇಳಿಬಿಟ್ಟರು. ವಾಲ್ವಿನ ಅಂಚು ಒಂದು ಕಡೆ ಸುಟ್ಟು, ತೆಳ್ಳಗಾಗಿ, ಸೀಳು ಬಿಟ್ಟಿತ್ತು. ಕ್ಯಾಪ್ಟನ್ ಬಗ್ಗಿ ಎರಡೆರಡು ಸಲ ನೋಡಿದ. “ಇದನ್ನ ಹಾರಿಸಿದ್ರೆ ಇವತ್ತೇ ಎರಡನೇ ಮಣ್ಣು ಆಗ್ತಿತ್ತಲ್ಲಮ್ಮಾ.”

ಅವನು ಟೋಪಿ ತೆಗೆದು ಸತ್ತವನ ಹೆಂಡತಿಯ ಮುಂದೆ ಬಂದು ನಿಂತ. “ಕ್ಷಮಿಸಿ ಅಕ್ಕಾ, ಹಾರೋಕಾಗಲ್ಲ.”

“ಯಾಕಂತೆ?”

“ಮೂರನೇದರ ವಾಲ್ವ್ ಹೋಗಿದೆ.”

“ಹೌದಾ? ಯಾರು ಹೇಳಿದ್ರು?”

ಅವನು ತಲೆ ತಗ್ಗಿಸಿದ. “ಯಜಮಾನ್ರು ಹೇಳಿದ್ರು.”

“ಜೋರಾಗಿ ಹೇಳಿ ಕ್ಯಾಪ್ಟನ್ರೇ. ಹಿಂದಿನ ಕುರ್ಚಿಯೋರಿಗೂ ಕೇಳ್ಲಿ.”

ಕ್ಯಾಪ್ಟನ್ ತಿರುಗಿ ನಿಂತು ಕೂಗಿದ: “ಯಜಮಾನ್ರ ಕಿವಿ ಸರಿಯಾಗೇ ಇತ್ತು! ಕಿವುಡ ಆಗಿದ್ದು ನಾನು!”

ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು, ಒಬ್ಬ ಶಿಳ್ಳೆಯನ್ನೂ ಹೊಡೆದ. “ಅಯ್ಯೋ, ಸಾವಿನ ಮನೇಲಿ ಶಿಳ್ಳೆನಾ!” ಎಂದ ತಂಗಿ ಅಳುತ್ತಳುತ್ತಲೇ ನಕ್ಕುಬಿಟ್ಟಳು. ಮಗಳು ಗ್ರೀಸಿನ ಕೈಯಲ್ಲೇ ಅಪ್ಪನ ಕೆನ್ನೆ ಮುಟ್ಟಿದಳು. ಕಪ್ಪಾಯಿತು; ಒರೆಸಲು ಯಾರೂ ಹೋಗಲಿಲ್ಲ.

ನಾಲ್ಕು ಗಂಟೆಗೆ ಸ್ಮಶಾನದ ದಾರಿಯ ಮೇಲೆ ಆಕಾಶ ಈ ಕೊನೆಯಿಂದ ಆ ಕೊನೆಯವರೆಗೆ ಖಾಲಿಯಿತ್ತು. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲರಿಗಿಂತ ಮುಂದೆ, ತಲೆಯೆತ್ತಿ ನಡೆಯುತ್ತಿದ್ದಳು. ದಾರಿಯಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ಆ ಖಾಲಿ ಆಕಾಶವನ್ನು ಬೆರಳು ಮಾಡಿ ತೋರಿಸುತ್ತಿದ್ದಳು.