ಅರ್ಜಿಯಲ್ಲಿದ್ದ ಗಂಡ

ಬಿಳಿ ದೊರೆ ದೇಶ ಬಿಟ್ಟು ಹೋದ ದಿನವೂ ಇಸ್ತ್ರಿಯಕ್ಕ ಅವನ ಎಂಟು ಅಂಗಿಗಳಿಗೆ ಇಸ್ತ್ರಿ ಹಾಕಿದ್ದಳು. ಇಪ್ಪತ್ತೆರಡು ವರ್ಷ ಆ ದೊಡ್ಡ ಮನೆಯಲ್ಲಿ ಅದೇ ಕೆಲಸ ಮಾಡಿ ಹೆಸರೂ ಅದೇ ಆಗಿಹೋಗಿತ್ತು. ದೊರೆ ಹೋದ, ಹೊಸ ಬಾವುಟ ಏರಿತು, ಅವನ ಸಾವಿರಾರು ಎಕರೆಯನ್ನು ತುಂಡು ಮಾಡಿ ಕೂಲಿಯವರಿಗೆ ಹಂಚುತ್ತಾರೆ ಎಂಬ ಸುದ್ದಿ ಬಂತು. ನಾಲ್ಕು ಎಕರೆ ನೆಲ, ಹತ್ತು ತಗಡು, ಒಂದು ಗುದ್ದಲಿ, ಬಿತ್ತನೆ ಬೀಜ, ಆರು ತಿಂಗಳ ಹಿಟ್ಟು. ಎಲ್ಲ ಸರ್ಕಾರದ್ದೇ.

ದೊರೆಯ ಊಟದ ಮೇಜನ್ನು ಜಗಲಿಗೆ ಎಳೆದುಕೊಂಡು ಗುಮಾಸ್ತ ಕೂತಿದ್ದ. ಸಂಸಾರಸ್ಥರಿಗೆ ಮಾತ್ರ ನೆಲ, ಒಂಟಿ ಹೆಂಗಸರಿಗಿಲ್ಲ ಎಂದ. ಅವಳು ಪಕ್ಕಕ್ಕೆ ಸರಿದಳು. ಹಿಂದೆಯೇ ನಿಂತಿದ್ದವನು ಅವಳ ಭಾವ, ಟ್ರ್ಯಾಕ್ಟರ್ ಡ್ರೈವರ್. ಅವನ ಹೆಂಡತಿ, ಅಂದರೆ ಇವಳ ಅಕ್ಕ, ಸತ್ತು ಮೂರು ವರ್ಷವಾಗಿತ್ತು. ಹತ್ತು ವರ್ಷದ ಮಗಳು ಅವನ ಕೈ ಹಿಡಿದುಕೊಂಡಿದ್ದಳು. ಹೆಂಡತಿ ಇಲ್ಲದವನಿಗೂ ಇಲ್ಲ ಎಂದ ಗುಮಾಸ್ತ. ಆಮೇಲೆ ಇಬ್ಬರ ಮುಖವನ್ನೂ ನೋಡಿದ. ಬೆಳಗಿನಿಂದ ಇಲ್ಲ ಇಲ್ಲ ಎಂದು ಹೇಳಿ ಅವನಿಗೂ ಸಾಕಾಗಿತ್ತೇನೋ.

"ಒಂದೇ ಅರ್ಜಿ ಬರೀಲಾ, ಎರಡೂ ಹರಿದು ಹಾಕಲಾ?"

ಭಾವ ಅವಳತ್ತ ನೋಡಿದ. ಅವಳು ಮೇಜಿನತ್ತ ನೋಡಿದಳು.

"ಬರೀರಿ," ಎಂದ ಭಾವ.

ಅಷ್ಟೇ. ಗಂಡ ಹೆಂಡತಿಯಾಗಲು ಹಿಡಿದದ್ದು ಪೆನ್ನಿಗೆ ಶಾಯಿ ಅದ್ದುವಷ್ಟು ಹೊತ್ತು.

ಲಾರಿ ಅವರನ್ನು ಇಳಿಸಿದ್ದು ಕಲ್ಲು ತುಂಬಿದ ಬಯಲಿನಲ್ಲಿ. ಸುತ್ತಲಿನ ನಲವತ್ತು ಮನೆಯವರೂ ಬೇರೆ ಬೇರೆ ಕಡೆಯಿಂದ ಬಂದವರು, ಯಾರಿಗೂ ಯಾರ ಪೂರ್ವಾಪರವೂ ಗೊತ್ತಿರಲಿಲ್ಲ. ತಗಡಿನ ಮನೆ ಎದ್ದಿತು. ನಡುವೆ ಗೋಣಿಯ ಪರದೆ ಬಂತು. ತಪಾಸಣೆಗೆ ಬಂದ ಸಾಹೇಬರು ಎಷ್ಟು ಒಲೆ ಎಂದು ಎಣಿಸುತ್ತಿದ್ದರು. ಒಲೆ ಒಂದೇ ಇತ್ತು, ಅವರು ಒಂದೇ ಸಂಸಾರ ಎಂದು ಗುರುತು ಹಾಕಿಕೊಂಡು ಹೋಗುತ್ತಿದ್ದರು. ಹುಡುಗಿಗೆ ಹೊಸ ಸುಳ್ಳು ಕಲಿಸುವ ಗೋಜೂ ಇರಲಿಲ್ಲ. ಅಮ್ಮನ ತಂಗಿಯೂ ಚಿಕ್ಕಮ್ಮ, ಅಪ್ಪನ ಎರಡನೆಯ ಹೆಂಡತಿಯೂ ಚಿಕ್ಕಮ್ಮ. ಆರು ವರ್ಷದಲ್ಲಿ ಭಾವ ಒಂದು ದಿನವೂ ಆ ಪರದೆ ದಾಟಲಿಲ್ಲ. ದಾಟಿದ್ದರೆ ಏನು ಮಾಡುತ್ತಿದ್ದೆ ಎಂದು ಅವಳೂ ಯೋಚಿಸಲಿಲ್ಲ. ಕಲ್ಲು ಆರಿಸುವುದು, ನೀರು ಹೊರುವುದು, ಬಿತ್ತುವುದು, ಯೋಚನೆಗೆ ಪುರಸೊತ್ತೆಲ್ಲಿ?

ಏಳನೆಯ ಬಿತ್ತನೆಗೆ ಮುಂಚೆ, ನಲವತ್ತು ಮನೆಗೂ ಸೇರಿ ಸರ್ಕಾರ ಕೊಟ್ಟಿದ್ದ ಟ್ರ್ಯಾಕ್ಟರ್ ಕಾಲುವೆಯ ಏರಿಯ ಮೇಲೆ ಮಗುಚಿತು. ಭಾವ ಅದರಡಿ ಸಿಕ್ಕಿ ಸತ್ತ.

ಇಸ್ತ್ರಿಯಕ್ಕ ಅಳಲಿಲ್ಲ. ಬಂದವರಿಗೆ ಕೂರಲು ಚಾಪೆ ಹಾಸಿದಳು, ಚಾಪೆ ಸಾಲದೆ ಚೀಲ ಹಾಸಿದಳು. ಎಷ್ಟು ಅನ್ಯೋನ್ಯವಾಗಿದ್ದರೋ, ಪಾಪ ಕಲ್ಲಾಗಿಬಿಟ್ಟಿದ್ದಾಳೆ ಎಂದು ಹೆಂಗಸರು ಪಿಸುಗುಟ್ಟಿದರು. ಅವಳಿಗೆ ಅದು ಬೇರೆ ಯಾರದೋ ವಿಷಯದಂತೆ ಕೇಳಿಸಿತು.

ಹದಿನೈದು ದಿನಕ್ಕೆ ಪಟ್ಟಣದಿಂದ ಭಾವನ ಅಣ್ಣ ಬಂದ. ಆರು ವರ್ಷ ಇತ್ತ ತಲೆ ಹಾಕದವನು. ಇವಳು ನನ್ನ ತಮ್ಮನ ನಾದಿನಿ ಅಷ್ಟೇ, ಹೆಂಡತಿಯಲ್ಲ, ಹುಡುಗಿಯೂ ನೆಲವೂ ನಮ್ಮ ವಂಶದ್ದು ಎಂದು ದೂರು ಕೊಟ್ಟ. ಕಚೇರಿಯಿಂದ ಕರೆ ಬಂತು.

ಕಚೇರಿಯ ಅಧಿಕಾರಿ ತಾಳ್ಮೆಯ ಮನುಷ್ಯ. ಹಳೆಯ ಅರ್ಜಿ ತೆಗೆದು ಓದಿದ. ಅಣ್ಣ ಹೇಳಿದ್ದನ್ನೆಲ್ಲ ಕೇಳಿದ. ಆಮೇಲೆ, ಈಗ ಹದಿನಾರಾಗಿದ್ದ ಹುಡುಗಿಯತ್ತ ತಿರುಗಿದ.

"ಇವರು ನಿನಗೆ ಏನಾಗಬೇಕಮ್ಮ?"

"ಚಿಕ್ಕಮ್ಮ."

"ಅಮ್ಮನ ತಂಗಿಯಾ, ಅಪ್ಪನ ಹೆಂಡತಿಯಾ?"

ಹುಡುಗಿ ತಡಮಾಡಲಿಲ್ಲ. "ಎರಡೂ."

ಅಧಿಕಾರಿ ಇಸ್ತ್ರಿಯಕ್ಕನನ್ನು ನೋಡಿದ. "ಸತ್ತವರು ನಿಮ್ಮ ಗಂಡನೇ ತಾನೆ?"

"ಹೌದು," ಎಂದಳು. "ನನ್ನ ಗಂಡ."

ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ನಾಚಿಕೆಯೋ ಭಯವೋ ದುಃಖವೋ ಏನಾದರೊಂದು ಬರಬಹುದೆಂದು ಕಾದಳು. ಏನೂ ಬರಲಿಲ್ಲ. ಗೋಡೆಯ ಮೇಲೆ ಹಳೆಯ ರಾಣಿಯ ಪಟ ತೆಗೆದ ಜಾಗದಲ್ಲಿ ಬಣ್ಣ ಮಾಸದ ಒಂದು ಚೌಕ ಉಳಿದಿತ್ತು. ಅದನ್ನೇ ನೋಡುತ್ತ ನಿಂತಳು. ಅಧಿಕಾರಿ ಬರೆದು, ಮೊಹರು ಒತ್ತಿ, ಕಾಗದ ಮುಂದಕ್ಕೆ ತಳ್ಳಿದ. ಭಾವನ ಅಣ್ಣ ಎದ್ದು ಹೋದ.

ವಾಪಸ್ಸು ಬರುವಾಗ ಲಾರಿಯಲ್ಲಿ ಸಿಮೆಂಟ್ ಚೀಲಗಳ ಮೇಲೆ ಇಬ್ಬರೂ ಕೂತಿದ್ದರು. ಕಾಗದದಲ್ಲಿ ಏನು ಬರೆದಿದೆ, ಓದು ಎಂದಳು ಇಸ್ತ್ರಿಯಕ್ಕ. ಹುಡುಗಿ ಓದಿದಳು: ಪ್ಲಾಟ್ ಮೂವತ್ತೇಳು, ನಾಲ್ಕು ಎಕರೆ, ಹಕ್ಕುದಾರಳು ವಿಧವೆ.

ಕಾಲುವೆಯ ಏರಿ ದಾಟಿದ ಮೇಲೆ ಇಸ್ತ್ರಿಯಕ್ಕನೇ ಬಾಯಿಬಿಟ್ಟಳು.

"ನಿಮ್ಮಪ್ಪ ನನಗೆ ಗಂಡ ಆಗಿರಲಿಲ್ಲ."

"ಗೊತ್ತು, ಚಿಕ್ಕಮ್ಮ."

"ಮತ್ತೆ ಯಾಕೆ ಹಾಗಂದೆ?"

"ದೊಡ್ಡಪ್ಪನ ಮನೇಲಿ ಹೋಗಿ ಪಾತ್ರೆ ತಿಕ್ಕೋದು ನನಗೆ ಬೇಡ." ಆಮೇಲೆ ಸೇರಿಸಿದಳು. "ಅಪ್ಪನಿಗೂ ಅದು ಇಷ್ಟ ಆಗ್ತಿರಲಿಲ್ಲ."

ಇಸ್ತ್ರಿಯಕ್ಕ ತಲೆಯಾಡಿಸಿದಳು. ಹುಡುಗಿಯ ಕೂದಲಿಗೆ ಸಿಮೆಂಟ್ ಪುಡಿ ಮೆತ್ತಿಕೊಂಡಿತ್ತು, ಕೈಯಿಂದ ಕೊಡವಿದಳು. ನಾಳೆ ಬಿತ್ತನೆ ಬೀಜ ಹಂಚುತ್ತಾರಂತೆ, ತಡವಾಗಿ ಹೋದವರಿಗೆ ಹುಳ ಹಿಡಿದದ್ದೇ ಗತಿ, ಬೇಗ ಏಳಬೇಕು ಎಂದಳು.